ಹುಳುಮನೆಯ ಪಕ್ಕದ ಜರ್ಮನ್ ಕಾರು

ಪೆಟ್ರೋಲ್ ಬಂಕಿನಲ್ಲಿ ಬಸ್ಸು ನಿಂತಾಗಲೆಲ್ಲ ನಾನು ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಳ್ಳುತ್ತೇನೆ. ನನಗೆ ಆ ವಾಸನೆ ಆಗುವುದಿಲ್ಲವೆಂದು ಪಕ್ಕದಲ್ಲಿ ಕೂತವರು ಕಿಟಕಿ ಸರಿಸಿಕೊಡುತ್ತಾರೆ. ಆಗದೆ ಏನಿಲ್ಲ. ಆದರೆ ಅದರ ಹಿಂದೆಯೇ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ಸಗಣಿ ಸಾರಿಸಿದ ನೆಲದ ತಂಪು, ಸಾವಿರಾರು ರೇಷ್ಮೆಹುಳು ಒಟ್ಟಿಗೆ ಮೇಯುವಾಗ ಸೋನೆಮಳೆ ಹಿಡಿದಂತೆ ಕೇಳುತ್ತಿದ್ದ ಆ ಸದ್ದು, ಎಲ್ಲ ಬಂದುಬಿಡುತ್ತವೆ. ಹುಳು ಸಾಕಿದ ಮನೆಯಲ್ಲಿ ಬೆಳೆದವರಾದರೆ ಆ ಸದ್ದು ನಿಮಗೂ ಗೊತ್ತು. ಅದು ನಿಂತ ಮನೆ ಹೇಗಿರುತ್ತದೆ ಎಂಬುದೂ ಗೊತ್ತು. ಕ್ಯಾಲನೂರಿನ ಪಕ್ಕದ ನಮ್ಮೂರಿನಲ್ಲಿ ನಮ್ಮ ಮನೆ ಇದ್ದ ಜಾಗದಲ್ಲಿ ಈಗ ಯಾರದೋ ನೀಲಗಿರಿ ತೋಪಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆದು ಅಭ್ಯಾಸವಿಲ್ಲ. ಆದರೂ ನಮ್ಮಣ್ಣ ಮುನಿರಾಜುವಿಗೆ ನಾನು ಮಾಡಿದ ಅನ್ಯಾಯವನ್ನು ಬರೆದೇ ಹೇಳಬೇಕಾಗಿದೆ.

ಅಣ್ಣನಿಗೆ ಕಾರಿನ ಹುಚ್ಚು ಹತ್ತಿದ್ದು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ. ಅಲ್ಲಿ ಹಣ್ಣಿನ ಕಾಲದಲ್ಲಿ ಲಾರಿ ಕೆಲಸಕ್ಕೆ ಹೋಗುತ್ತಿದ್ದ. ಹಣ್ಣಿನ ಬುಟ್ಟಿಗೆ ಹಾಸಲು ರದ್ದಿ ಕಾಗದ ಬರುತ್ತಿತ್ತು. ಚಿನ್ನದ ಗಣಿಯ ಅಧಿಕಾರಿಗಳ ಬಂಗಲೆಗಳಿಂದ ತೂಕಕ್ಕೆ ಹಾಕಿದ ಪರದೇಶದ ಪುಸ್ತಕಗಳೂ ಅದರಲ್ಲಿರುತ್ತಿದ್ದವು. ನುಣುಪು ಹಾಳೆಗಳ ಮೇಲೆ ಬಣ್ಣಬಣ್ಣದ ಕಾರುಗಳು. ಜರ್ಮನಿಯ ರೇಸಿನ ಕಾರುಗಳೆಂದರೆ ಅಣ್ಣನಿಗೆ ಪ್ರಾಣ. ಅಕ್ಷರ ಓದಲು ಬಾರದಿದ್ದರೂ ದೀಪದ ಆಕಾರ, ಬೆನ್ನಿನ ಇಳಿಜಾರು, ಚಕ್ರದ ಮೇಲಿನ ಮುಚ್ಚಳ ನೋಡಿ ಯಾವುದು ಹಳೆಯದು, ಯಾವುದು ಅದರ ತಮ್ಮ ಎಂದು ಹೇಳುತ್ತಿದ್ದ. ಆ ಹಾಳೆಗಳನ್ನು ಮಾವಿನ ಸೊನೆ ಒರೆಸಿ ತಂದು ಹೊರಗಿನ ಕೋಣೆಯ ಗೋಡೆಗೆ ರಾಗಿ ಅಂಬಲಿಯಲ್ಲಿ ಅಂಟಿಸುತ್ತಿದ್ದ. ಜಿರಳೆ ತಿಂದಲ್ಲಿ ಮತ್ತೊಂದು ಅಂಟಿಸುತ್ತಿದ್ದ. ಕೋಲಾರದ ಗುಜರಿ ಅಂಗಡಿಗಳಲ್ಲಿ ಸಿಕ್ಕಿದ ಒಂದು ಕನ್ನಡಿ, ಒಂದು ಗೇರಿನ ಗುಂಡು, ಸೊಟ್ಟಗಾದ ಎರಡು ಚಕ್ರದ ಮುಚ್ಚಳ ಅಜ್ಜಿಯ ಹಳೆಯ ಗುಡಾಣದೊಳಗೆ ಸೇರಿದ್ದವು. ನನಗಾಗ ಹನ್ನೊಂದೋ ಹನ್ನೆರಡೋ. ಒಂದೊಂದನ್ನೇ ತೆಗೆದು ಕೈಗೆ ಕೊಟ್ಟು, “ಇದರ ಹೆಸರು ಹೇಳೇ ರತ್ನಿ” ಎನ್ನುತ್ತಿದ್ದ. ತಪ್ಪು ಹೇಳಿದರೆ ತಲೆಗೊಂದು ಮೊಟಕು.

ಮಂಡಿಯ ಹಿಂದೆ, ಖಾಲಿ ಬುಟ್ಟಿಗಳ ಕೆಳಗೆ ಅಂಥದೇ ಒಂದು ಕಾರು ಬಹಳ ಕಾಲದಿಂದ ಬಿದ್ದಿತ್ತು. ಗಣಿಯ ಇಂಜಿನಿಯರೊಬ್ಬರು ಊರು ಬಿಡುವಾಗ ಸಾಹುಕಾರರಿಗೆ ಕೊಟ್ಟುಹೋದದ್ದು. ಎರಡೇ ಬಾಗಿಲು, ನೆಲಕ್ಕಂಟಿದ ಮೈ, ಕಪ್ಪೆಯಂಥ ಎರಡು ಕಣ್ಣು. ಆ ವರ್ಷದ ಕೂಲಿಯ ಬದಲು ಕಾರು ಕೊಡಿ ಎಂದು ಅಣ್ಣ ಕೇಳಿದನಂತೆ. “ಏಮಪ್ಪಾ, ಈ ತುಕ್ಕು ತಗೊಂಡೋಗಿ ಮುದ್ದೆಗೆ ನಂಚ್ಕೊಂತೀಯಾ?” ಎಂದು ಸಾಹುಕಾರರು ನಕ್ಕು ಕೊಟ್ಟರಂತೆ. ಟಾರು ರಸ್ತೆ ಇರುವ ತನಕ ಲಾರಿಗೆ ಕಟ್ಟಿ, ಅಲ್ಲಿಂದ ನಮ್ಮ ಎತ್ತು ಹೂಡಿ ಊರೊಳಕ್ಕೆ ತಂದರು. ಊರಿಗೆ ಊರೇ ಹಿಂದೆ ಬಂತು. ಪಕ್ಕದ ಮನೆಯ ಚಿಕ್ಕಮುನಿಯಪ್ಪ ಮಾವ ಮುಂದಿನ ಮುಚ್ಚಳ ಎತ್ತಿ ನೋಡಿ ಕೂಗಿದ: “ಲೇ ಮುನಿರಾಜ, ಸಾಹುಕಾರ ನಿಂಗೆ ಟೋಪಿ ಹಾಕವ್ನೆ ಕಣೋ! ಇದ್ರಾಗೆ ಇಂಜಿನ್ನೇ ಇಲ್ಲ!”

“ಹಿಂದಕ್ಕೆ ಬಾ ಮಾವ. ಇದಕ್ಕೆ ಇಂಜಿನ್ನು ಹಿಂದೆ. ನೀರೂ ಹಾಕಂಗಿಲ್ಲ, ಗಾಳೀಲೇ ತಣ್ಣಗಾಗ್ತದೆ.”

“ನೀರೂ ಕುಡಿಯಲ್ವಾ? ಹಂಗಾದ್ರೆ ನಿಮ್ಮಪ್ಪನ ಎತ್ತಿಗಿಂತ ವಾಸಿ ಬಿಡು!”

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಕಾರು ನಿಲ್ಲಿಸಲು ಹುಳುಮನೆಯ ಪಕ್ಕದ ಚಪ್ಪರ ಬಿಟ್ಟು ಬೇರೆ ಜಾಗವಿರಲಿಲ್ಲ. ಹುಳು ಇರುವಾಗ ಅವಕ್ಕೆ ಘಾಟು ತಾಗದಂತೆ ನಮ್ಮ ಮನೆಯಲ್ಲಿ ಒಗ್ಗರಣೆಯನ್ನು ಕೂಡ ಹಿತ್ತಲಿನಲ್ಲಿ ಹಾಕುತ್ತಿದ್ದರು. ಬೀಡಿ ಸೇದಿದವರು ಬಾಗಿಲು ದಾಟುವಂತಿರಲಿಲ್ಲ. ಅಪ್ಪ ಒಂದೇ ಮಾತು ಹೇಳಿದ: “ಹುಳಕ್ಕೆ ಏನಾನ ಆಯ್ತೋ, ಇದು ಗುಜರಿಗೆ. ಆಮ್ಯಾಕೆ ನನ್ನ ಕೇಳ್ಬೇಡ.”

ಹುಳುವಿನ ಮೊಟ್ಟೆ ತರುವ ಮೊದಲು ಒಂದು ಸಾರಿ ಅಣ್ಣ ಆ ಕಾರಿಗೆ ಜೀವ ತರಿಸಿದ. ಎಷ್ಟೋ ತಿಂಗಳು ಒಂದೊಂದೇ ಭಾಗ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗೋಡೆಯ ಮೇಲಿನ ಚಿತ್ರ ನೋಡಿ ನೋಡಿ ಕೂಡಿಸಿದ್ದ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆರೆಕಟ್ಟೆಯವರೆಗೆ ಓಡಿಸಿದ. ಬೆನ್ನ ಹಿಂದೆ ಗುಡುಗು ಕಟ್ಟಿಹಾಕಿದಂತಿತ್ತು. ನೆಲ ಎಷ್ಟು ಹತ್ತಿರವೆಂದರೆ ಕೈ ಚಾಚಿದರೆ ಧೂಳು ಮುಟ್ಟಬಹುದಿತ್ತು. ವಾಪಸು ಬಂದು ಅಣ್ಣ ಸ್ಟೀರಿಂಗಿಗೆ ಹಣೆ ಒತ್ತಿಕೊಂಡು ಕೂತ. ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ. ಹುಳು ಮನೆಗೆ ಬಂದಮೇಲೆ ಅದನ್ನು ಅವನು ಮುಟ್ಟಲಿಲ್ಲ. ಪೆಟ್ರೋಲನ್ನೆಲ್ಲ ಬಸಿದು ಊರಾಚೆ ಇಟ್ಟ. ಆಗ ಕೋಲಾರದ ಗ್ಯಾರೇಜೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದ; ಅಲ್ಲಿಂದ ಬಂದವನು ಬಾವಿಯ ಹತ್ತಿರವೇ ಬಟ್ಟೆ ಬಿಚ್ಚಿ, ಮೈ ತೊಳೆದು, ಆಮೇಲೆ ಅಂಗಳಕ್ಕೆ ಕಾಲಿಡುತ್ತಿದ್ದ.

ಹುಳು ನಾಲ್ಕನೇ ಜ್ವರ ಕಳೆದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದಿದ್ದವು. ಗೂಡು ಕಟ್ಟುವ ಮುಂಚಿನ ಕೊನೆಯ ಮೇವು. ಹೊತ್ತುಹೊತ್ತಿಗೆ ಸೊಪ್ಪು ಬೇಕು. ಅವತ್ತು ಬೆಳಗ್ಗೆ ತುಂತುರು ಹಿಡಿದಿತ್ತು. ಅಪ್ಪ ಅಮ್ಮ ಹುಳು ಗೂಡು ಕಟ್ಟುವ ಚಂದ್ರಿಕೆ ತಟ್ಟೆಗಳನ್ನು ತರಲು ಹೋಗಿದ್ದರು, ಅಣ್ಣ ಗ್ಯಾರೇಜಿಗೆ. ಮಳೆಯಲ್ಲೇ ಕೊಯ್ದ ಸೊಪ್ಪನ್ನು ಗೋಣಿಯ ಮೇಲೆ ಹರಡಿ, ತಿರುವಿ, ಎಲೆಯ ಮೇಲೆ ಒಂದು ಹನಿ ನೀರಿಲ್ಲದಂತೆ ಆರಿಸಿ ಹಾಕು, ಒದ್ದೆ ಸೊಪ್ಪು ತಿಂದರೆ ಹುಳಕ್ಕೆ ರೋಗ ಎಂದು ಅಮ್ಮ ಎರಡೆರಡು ಸಲ ಹೇಳಿದ್ದಳು. ನಾನು ಸೊಪ್ಪನ್ನು ಗುಡ್ಡೆ ಸುರಿದು ಕಾರಿನೊಳಗೆ ಹೋಗಿ ಕೂತೆ. ಸ್ಟೀರಿಂಗ್ ಹಿಡಿದುಕೊಂಡೆ. ಬಾಯಲ್ಲೇ ಇಂಜಿನ್ನಿನ ಸದ್ದು ಮಾಡುತ್ತ ಕೆರೆಕಟ್ಟೆ ದಾಟಿ, ಕೋಲಾರ ದಾಟಿ, ಗೋಡೆಯ ಮೇಲಿದ್ದ ಹಿಮದ ಬೆಟ್ಟಗಳ ರಸ್ತೆಗೆ ಹೋಗಿಬಿಟ್ಟೆ. ಎಚ್ಚರವಾದದ್ದು ಹುಳುಮನೆಯ ಸದ್ದು ನಿಂತಾಗ. ತಟ್ಟೆಗಳಲ್ಲಿ ಬರೀ ಕಡ್ಡಿ ಉಳಿದು, ಹುಳುಗಳು ತಲೆ ಎತ್ತಿ ಆಡಿಸುತ್ತಿದ್ದವು. ದೂರದಲ್ಲಿ ಅಮ್ಮನ ದನಿ ಕೇಳಿಸಿತು. ಗುಡ್ಡೆಯಲ್ಲಿ ಬಿಸಿಯಾಗಿ ಬೆವೆತು ನೀರು ತೊಟ್ಟಿಕ್ಕುತ್ತಿದ್ದ ಸೊಪ್ಪನ್ನು ಬಾಚಿ ಬಾಚಿ ಎಲ್ಲ ತಟ್ಟೆಗಳಿಗೂ ಹಾಕಿಬಿಟ್ಟೆ. ಹುಳು ಮೇಯತೊಡಗಿದವು. ಅಮ್ಮ ಬಂದು ಆ ಸದ್ದು ಕೇಳಿ, “ಭೇಷ್ ಕಣೇ” ಎಂದಳು.

ಎರಡು ದಿನಕ್ಕೆ ಹುಳು ಸಪ್ಪಗಾದವು. ಮೈ ಮೆತ್ತಗಾಗಿ, ಬಾಯಲ್ಲಿ ನೀರು ಸುರಿಸುತ್ತ ತಟ್ಟೆಯ ಅಂಚಿಗೆ ನೇತಾಡಿದವು. ಆಮೇಲೆ ಕಪ್ಪಾಗಿ ಒಡೆದವು. ಆ ನಾತ ಮನೆ ತುಂಬಿತು. ತಿಪ್ಪೆಯ ಪಕ್ಕದಲ್ಲಿ ಗುಂಡಿ ತೋಡಿ ಅಪ್ಪ, ಅಣ್ಣ ಇಬ್ಬರೂ ಬುಟ್ಟಿಗಟ್ಟಲೆ ಸುರಿದರು. ಕೈ ತೊಳೆಯದೆ ಅಪ್ಪ ಚಪ್ಪರದ ಕಡೆ ನೋಡಿದ. “ನಿನ್ನ ಪೆಟ್ರೋಲು ಕುಡಿದು ಸತ್ತವು ನನ್ನ ಮಕ್ಕಳು.”

“ಹುಳ ಬಂದಮ್ಯಾಕೆ ನಾನದನ್ನ ಮುಟ್ಟೇ ಇಲ್ಲ ಅಪ್ಪ. ರತ್ನೀನ ಕೇಳು. ದಿನಾ ಮನೇಲೇ ಇರ್ತಾಳೆ.” ಅಣ್ಣ ನನ್ನ ಕಡೆ ತಿರುಗಿದ. “ಹೇಳೇ. ನಾನೇನಾನ ಮುಟ್ಟಿದ್ನಾ?”

ಅವನ ಮುಖದಲ್ಲಿ ಭಯವಿರಲಿಲ್ಲ. ನಾನಿದ್ದೇನೆ ಎಂಬ ಧೈರ್ಯವಿತ್ತು. “ನಂಗೊತ್ತಿಲ್ಲ” ಎಂದೆ.

ಗುಜರಿಯವನು ಕೊಡಲಿ, ಸುತ್ತಿಗೆ ತಂದಿದ್ದ. ಅಣ್ಣ ಅವನನ್ನು ಬೇಲಿಯಾಚೆ ಕೂರಿಸಿ, ತಾನೇ ಸ್ಪ್ಯಾನರ್ ಹಿಡಿದು ದಿನವೆಲ್ಲ ಬಿಚ್ಚಿದ. ಬಾಗಿಲು, ದೀಪ, ಸೀಟು ಒಂದೊಂದನ್ನೂ ಒರೆಸಿ ಗಾಡಿಯ ಮೇಲಿಟ್ಟ. ಕೊನೆಗೆ ಗುಡಾಣದಲ್ಲಿದ್ದದ್ದನ್ನೂ ತಂದು ಸುರಿದ. ಕೋಣೆಯ ಗೋಡೆಗೆ ಸುಣ್ಣ ಹೊಡೆದ. ಮಾರನೆಯ ವಾರ ಮಾಲೂರಿನ ಹೆಂಚಿನ ಕಾರ್ಖಾನೆಗೆ ಮಣ್ಣು ಹೊರಲು ಹೋದವನು ಅಲ್ಲೇ ಉಳಿದುಕೊಂಡ. ಅಪ್ಪ ಸಾಯುವವರೆಗೆ ಅವನನ್ನು ಹೆಸರು ಹಿಡಿದು ಕರೆಯಲಿಲ್ಲ. ಸಾಯುವ ಮುಂಚೆ ಅಣ್ಣ ಬಾಯಿಗೆ ನೀರು ಹಿಡಿದಾಗಲೂ ಮುಖ ತಿರುಗಿಸಿಕೊಂಡ. ನಾನು ಅಲ್ಲೇ, ಅಪ್ಪನ ಕಾಲ ಹತ್ತಿರ ಕೂತಿದ್ದೆ. ಆಗಲೂ ಹೇಳಲಿಲ್ಲ.

ಅಪ್ಪನ ತಿಥಿ ಕಳೆದ ಮೇಲೆ ಒಂದು ದಿನ ಮಾಲೂರಿಗೆ ಹೋಗಿ ಅಣ್ಣನ ಮುಂದೆ ಎಲ್ಲ ಹೇಳಿದೆ. ಬೈಯಲಿ, ಹೊಡೆಯಲಿ ಎಂದುಕೊಂಡಿದ್ದೆ. ಅವನು ಬಹಳ ಹೊತ್ತು ಅಂಗೈ ನೋಡಿಕೊಂಡ. “ನನ್ನ ಕೈಗೇ ವಾಸನೆ ಅಂಟಿಕೊಂಡಿತ್ತೇನೋ ಅಂದ್ಕೊಂಡಿದ್ದೆ ಕಣೇ. ಎಷ್ಟು ತೊಳೆದ್ರೂ ಹೋಗ್ದೆ ಇದ್ದದ್ದು. ನಿಮ್ಮತ್ತಿಗೆ ತವರಲ್ಲಿ ಹುಳ ಸಾಕಿದ್ರೆ ಇವತ್ತಿಗೂ ಆ ಕಡೆ ಹೋಗಲ್ಲ ನಾನು.” ಅಂಗೈಯನ್ನು ಪಂಚೆಗೆ ಒರೆಸಿಕೊಂಡ. “ಇದನ್ನ ಅಪ್ಪಂಗೆ ಹೇಳ್ಬೇಕಾಗಿತ್ತು. ನಂಗೆ ಹೇಳಿ ಏನಾಗ್ಬೇಕು?”

ಅತ್ತಿಗೆ ಊಟಕ್ಕೆ ಎಬ್ಬಿಸಿದಳು. ಉಂಡೆವು. ಅಣ್ಣ ಬಸ್ ಸ್ಟ್ಯಾಂಡಿನವರೆಗೆ ಬಂದು ಸೀಟು ಹಿಡಿದುಕೊಟ್ಟ, ಬಸ್ಸು ಹೊರಡುವವರೆಗೆ ನಿಲ್ಲಲಿಲ್ಲ. ನನ್ನ ಮದುವೆಯಾದ ಮೇಲೆ ಒಂದು ವರ್ಷವೂ ಬಿಡದೆ ಗೌರಿಹಬ್ಬಕ್ಕೆ ಅವನೇ ಬಾಗಿನ ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದ. ಆ ವರ್ಷವೂ ಬಾಗಿನ ಬಂತು. ಮಾಲೂರಿನ ಬಸ್ಸಿನ ಕಂಡಕ್ಟರ್ ಸ್ಟಾಪಿನಲ್ಲಿ ಕಿಟಕಿಯಿಂದಲೇ ನನ್ನ ಕೈಗೆ ಕೊಟ್ಟು ಸೀಟಿ ಊದಿದ. ಮನೆಗೆ ತಂದು ಮೊರ ಬಿಚ್ಚಿ ನೋಡಿದೆ. ಅರಿಸಿನ ಕುಂಕುಮ, ಬಳೆ, ರವಿಕೆ ಕಣ, ಅಕ್ಕಿ, ಬೇಳೆ, ಬೆಲ್ಲದಚ್ಚು ಎಲ್ಲ ಇದ್ದವು. ಯಾವುದನ್ನೂ ಅವನು ಮರೆತಿರಲಿಲ್ಲ.