ಲಾಡ್ಲೇಸಾಬರು ಕಟ್ಟಿದ ಎಂಜಿನ್

ಖೊಕ್, ಖೊಕ್ ಎಂದು ಕೆಮ್ಮಿ ಎಂಜಿನ್ ಶಹಾಪುರದ ಲಾಡ್ಲೇಸಾಬರ ಗ್ಯಾರೇಜಿನ ಮುಂದೆಯೇ ನಿಂತಿತು. ಗುರುದೇವಿ ಟೀಚರ್ ತಮ್ಮ ಹಳೆಯ ಅಂಬಾಸಿಡರ್‌ನಿಂದ ಇಳಿದರು.

"ಸುರಪುರದಿಂದ ಬರೂದ್ರಾಗ ಮೂರು ಸಲ ನಿಂತದ್ರಿ ಸಾಬ್ರ. ಹತ್ತು ನಿಮಿಷ ಓಡತದ, ಉಸಿರು ಕಟ್ಟಿದಂಗ ನಿಂದರತದ."

ಮೂವತ್ತೆಂಟು ವರ್ಷದಿಂದ ಎಂಜಿನ್ ಕಟ್ಟುತ್ತ ಬಂದ ಲಾಡ್ಲೇಸಾಬರು ಇದನ್ನೂ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದ್ದರು. ಹೋದ ವಾರ ನಿಂತಾಗ ಕಾರ್ಬುರೇಟರ್ ತೊಳೆದರು, ಕಾಯಿಲ್ ಬದಲಿಸಿದರು. ಮತ್ತೆ ನಿಂತಿತೆಂಬ ಫೋನ್ ಈ ಬೆಳಿಗ್ಗೆ ಬಂದಾಗ ನಟ್ಟು ತಿರುಗಿಸುವ ಪಾನಾಗಳನ್ನೆಲ್ಲ ಬಟ್ಟೆಯಲ್ಲಿ ಗಂಟು ಕಟ್ಟಿ, ಹೆಂಡತಿ ಚಮನಬೀಗೆ, "ನನ್ನ ಕೈ ಮುಗೀತು. ಇನ್ನ ಸಾಕು" ಎಂದಿದ್ದರು.

ಈಗ ಪೆಟ್ರೋಲ್ ನೋಡಲೆಂದು ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಟ್ಯಾಂಕು ಸುಂಯ್ ಎಂದು ಗಾಳಿ ಎಳೆದುಕೊಂಡಿತು. ಮುಚ್ಚಳವನ್ನು ಬಿಸಿಲಿಗೆ ಹಿಡಿದರು. ಮೂರು ಬೆರಳಿನ ವಿಭೂತಿ ಅದರ ಮೇಲೆ ಗಟ್ಟಿಯಾಗಿ ಒಣಗಿ, ಗಾಳಿಯಾಡುವ ಸಣ್ಣ ತೂತನ್ನು ಮುಚ್ಚಿತ್ತು.

"ಇದಕ್ಕೂ ಹಚ್ಚೀರೇನ್ರಿ ಟೀಚರ?"

"ಹೊಸ ಎಂಜಿನ್ ಆತಂತ ಪೂಜಿ ಮಾಡೀನ್ರಿ. ಟ್ಯಾಂಕ್ ಒಂದ ಯಾಕ ಬಿಡೂದು?"

"ಹಣಿಗಿ ಹಚ್ಚರಿ, ಮೂಗಿಗಿ ಮೆತ್ತಬ್ಯಾಡ್ರಿ. ಗಾಳಿ ಒಳಗ ಹೋಗಲಿಲ್ಲಂದ್ರ ಪೆಟ್ರೋಲ್ ಮುಂದ ಬರಂಗಿಲ್ಲ."

ಸೂಜಿಯಿಂದ ತೂತು ಬಿಡಿಸಿದರು. ಇಬ್ಬರೂ ಭೀಮರಾಯನಗುಡಿಯವರೆಗೆ ಹೋಗಿ ಬಂದರು. ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ.

"ತಪ್ಪು ನಂದ ಆತು. ಸುಮ್ನ ನಿಮ್ಮ ಕೈ ಮ್ಯಾಲ ಅನುಮಾನ ಪಟ್ಟೆ," ಎಂದರು ಟೀಚರ್. "ನಮ್ಮ ತಮ್ಮಂದೂ ಒಂದು ಜೀಪ್ ಅದರಿ, ಅದನ್ನೂ ನೀವ..."

ಲಾಡ್ಲೇಸಾಬರು ಆಗಲೇ ಒಳಗೆ ನಡೆದಿದ್ದರು, ಪಾನಾಗಳ ಗಂಟು ಬಿಚ್ಚಲು.