ಸೋಮವಾರದ ಗಡ್ಡ

ನಮ್ಮ ಬೀದಿಯಲ್ಲಿ ಅವರಿಬ್ಬರಿಗೂ ಬೇರೆ ಹೆಸರೇ ಇರಲಿಲ್ಲ. ಕಟಿಂಗ್ ಶಾಪಿನ ದೊಡ್ಡವನು ಊರಿಗೆಲ್ಲ ಅಣ್ಣ, ಚಿಕ್ಕವನು ಊರಿಗೆಲ್ಲ ತಮ್ಮ. ಪಕ್ಕದಲ್ಲೇ ಜೆರಾಕ್ಸ್ ಅಂಗಡಿ ಇಟ್ಟಿರುವ ನಾನು ವಯಸ್ಸಿನಲ್ಲಿ ಇಬ್ಬರಿಗಿಂತ ಹಿರಿಯ, ಆದರೂ ಅಣ್ಣನನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಅಣ್ಣ ಬಾಯಿಬಡಕ. ತಮ್ಮ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವನು. ಅವನಿಗೆ ಕೆಲಸ ಕಲಿಸಿದ್ದು ಅಣ್ಣನೇ. ಊದಿದ ಬಲೂನಿಗೆ ನೊರೆ ಹಚ್ಚಿ, ಅದು ಒಡೆಯದಂತೆ ಬ್ಲೇಡು ಎಳೆಯುವುದನ್ನು ಕಲಿಸಿ, ಆಮೇಲೆ ತನ್ನ ಕೆನ್ನೆಯನ್ನೇ ಒಡ್ಡಿದ್ದ.

ಬೀದಿಯ ಕಟಿಂಗ್ ಶಾಪುಗಳೆಲ್ಲ ಸೋಮವಾರ ಬಾಗಿಲು ಹಾಕಬೇಕೆಂದು ಒಪ್ಪಿಸಿದವನೂ ಅಣ್ಣನೇ. ಒಬ್ಬೊಬ್ಬರ ಅಂಗಡಿಗೂ ಹೋಗಿ, ಜಗಳವಾಡಿ, ಮತ್ತೆ ಹೋಗಿ, ಕೊನೆಗೆ ಹೂಂ ಅನ್ನಿಸಿದ. "ಕೂದಲೇನು ಓಡಿ ಹೋಗುತ್ತಾ? ಸೋಮವಾರ ಬೆಳೆದದ್ದು ಮಂಗಳವಾರವೂ ತಲೆ ಮೇಲೇ ಇರುತ್ತೆ ಬಿಡ್ರೋ" ಎನ್ನುವುದು ಅವನ ವಾದ. ಕಾಗದವಿಲ್ಲ, ಸಹಿಯಿಲ್ಲ, ಬರೀ ಬಾಯಿಮಾತು. ಸೋಮವಾರಗಳಂದು ಅವರೆಲ್ಲ ಒಂದೆಡೆ ಸೇರಿ ಒಬ್ಬರಿಗೊಬ್ಬರು ಕ್ಷೌರ ಮಾಡಿಕೊಳ್ಳುತ್ತಿದ್ದರು. ತನ್ನ ಹಿಂದಲೆಯನ್ನು ತಾನೇ ಕತ್ತರಿಸಿಕೊಳ್ಳಲು ಎಂಥ ಕಸುಬುದಾರನಿಗೂ ಬರುವುದಿಲ್ಲ ನೋಡಿ.

ಆಮೇಲೆ ಅಣ್ಣನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಹೋದವು, ಮಾತು ಉಳಿಯಿತು. ಅವನ ಮನೆ ಸೇತುವೆಯಾಚೆ, ಬಸ್ಸು ಬದಲಿಸಿ ಹೋಗಬೇಕು. ಪ್ರತಿ ಸೋಮವಾರ ತಮ್ಮ, ಕ್ಷೌರದ ಪೆಟ್ಟಿಗೆ ಹಿಡಿದು ಹೋಗಿ ಅಣ್ಣನ ಗಡ್ಡ ತೆಗೆದು ಬರುತ್ತಿದ್ದ. ಮಲಗಿದವನ ಗಡ್ಡ ತೆಗೆಯುವುದೆಂದರೆ ತಲೆಯ ಹಿಂದೆ ನಿಲ್ಲಬೇಕು, ಮುಖ ತಲೆಕೆಳಗಾಗಿ ಕಾಣುತ್ತದೆ, ಸೊಟ್ಟಗಾದ ಕೆನ್ನೆಯನ್ನು ಬೆರಳಿನಿಂದ ಬಿಗಿ ಹಿಡಿದಿರಬೇಕು. ಅಷ್ಟು ಹೊತ್ತೂ ಇಬ್ಬರೂ ಹರಟುತ್ತಿದ್ದರಂತೆ. ತಮ್ಮ ವಾರದಲ್ಲಿ ಮನಸ್ಸು ಬಿಚ್ಚಿ ಮಾತಾಡುವುದು ಅಲ್ಲೊಂದೇ ಕಡೆ ಎಂದು ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಹೇಳುತ್ತಿದ್ದರು.

ಹೀಗಿರುವಾಗ ತಮ್ಮನ ಎದುರಿಗೇ ಹೊಸಬನೊಬ್ಬ ಬಂದು ಕಟಿಂಗ್ ಶಾಪ್ ಹಾಕಿದ. ಸೋಮವಾರವೂ ಶಟರ್ ಎತ್ತಿದ. ಬೀದಿಯವರು ಹೋಗಿ ಕೇಳಿದರೆ, "ಓನರು ನನಗೆ ಸೋಮವಾರದ ಬಾಡಿಗೆ ಬಿಡ್ತಾರಾ? ನನ್ನ ಮಕ್ಕಳು ಸೋಮವಾರ ಊಟ ಬಿಡ್ತಾರಾ?" ಎಂದ. ತಪ್ಪೇನು ಹೇಳಿದ? ನಾನು ಅವನ ಪರವಾಗಿಯೇ ಮಾತಾಡಿದೆ. ಪೈಪೋಟಿ ಇದ್ದರೆ ಜನಕ್ಕೆ ಲಾಭ ಎಂದು ಮೊದಲಿನಿಂದ ವಾದಿಸುವವನು ನಾನು. ಈಗಲೂ ವಾದಿಸುತ್ತೇನೆ, ಬೇಕಾದವರು ಬರಲಿ. ಸೋಮವಾರ ನನ್ನ ಅಂಗಡಿಗೆ ನೊಣವೂ ಬರುವುದಿಲ್ಲ. ಅವನ ಕುರ್ಚಿ ಹೊಸದು, ಫ್ಯಾನು ಕಿರುಗುಟ್ಟುವುದಿಲ್ಲ. ಹೋಗಿ ಕೂತೆ.

ಅವನನ್ನು ನೋಡಿ ಮೂಲೆಯವನು ತೆರೆದ. ಮೂಲೆಯವನನ್ನು ನೋಡಿ ಬಸ್ ಸ್ಟಾಪಿನವನು ತೆರೆದ. ತಮ್ಮ ಹಟ ಹಿಡಿದು ಮುಚ್ಚಿಯೇ ಇದ್ದ. ಆದರೆ ಸೋಮವಾರ ಎದುರಿಗೆ ಹೋಗಿ ರುಚಿ ಕಂಡವರು ಮಿಕ್ಕ ದಿನವೂ ಎದುರಿಗೇ ಹೋಗತೊಡಗಿದರು. ಕೊನೆಗೆ ತಮ್ಮನೂ ಶಟರ್ ಎತ್ತಿದ. ಈಗ ಎಲ್ಲರೂ ವಾರವಿಡೀ ನಿಲ್ಲುತ್ತಾರೆ, ತಲೆಗಳು ಮಾತ್ರ ಹಿಂದೆ ಇದ್ದಷ್ಟೇ ಇವೆ. ಮುಚ್ಚಬೇಕೆಂದು ಎಲ್ಲರಿಗೂ ಆಸೆ, ಮೊದಲು ಮುಚ್ಚಲು ಯಾರಿಗೂ ಧೈರ್ಯವಿಲ್ಲ. ಅಂಗಡಿ ಅಂಗಡಿ ತಿರುಗಿ ಒಪ್ಪಿಸಲು ಅಣ್ಣ ಎದ್ದು ಬರುವ ಹಾಗಿಲ್ಲ.

"ಅಣ್ಣನ ಗಡ್ಡ ಏನಾಯ್ತಪ್ಪ?" ಎಂದು ಒಂದು ದಿನ ಕೇಳಿದೆ.

"ಹೋಗ್ಬೇಕು ಸರ್."

"ಯಾವಾಗ?"

"ಬರೋ ವಾರ."

ಹೋದ ವಾರವೂ ಇದನ್ನೇ ಹೇಳಿದ್ದ. "ಬೇಜಾರಾಗಲ್ವೇನೋ ನಿನಗೆ?" ಎಂದು ರೇಗಿದೆ.

"ಮೊದಮೊದಲು ಆಗ್ತಿತ್ತು. ಈಗ ಏನೂ ಅನ್ಸಲ್ಲ ಸರ್," ಎಂದ. ಸುಳ್ಳು ಹೇಳುವವನಲ್ಲ. ಅವನ ಮುಖದಲ್ಲೂ ಏನೂ ಇರಲಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿಯಿತು, ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.

ಮುಂದಿನದು ಅತ್ತಿಗೆ ಎಷ್ಟೋ ದಿನಗಳ ಮೇಲೆ ನನಗೆ ಹೇಳಿದ್ದು. ಒಂದು ಸಂಜೆ ತಮ್ಮ, ಅಂಗಡಿಯನ್ನು ಬೇಗ ಮುಚ್ಚಿ, ಪೆಟ್ಟಿಗೆ ಹಿಡಿದು ಅಣ್ಣನ ಮನೆಗೆ ಹೋದನಂತೆ. ಅಣ್ಣ ನುಣ್ಣಗೆ ಗಡ್ಡ ಬೋಳಿಸಿಕೊಂಡು ಮಲಗಿದ್ದ.

"ಯಾರು ಮಾಡಿದ್ದು?" ಎಂದು ಕೇಳಿದ ತಮ್ಮ.

"ನಿನ್ನ ಎದುರಂಗಡಿಯವನು ಕಣಪ್ಪ," ಎಂದರು ಅತ್ತಿಗೆ. "ಮನೆಗೇ ಬಂದು ಮಾಡ್ತಾನಂತೆ ಅಂತ ಯಾರೋ ಅಂದ್ರು, ಫೋನ್ ಮಾಡಿದೆ. ಬೈಕಲ್ಲಿ ಬಂದ. ನಾನಾದ್ರೂ ಏನ್ ಮಾಡ್ಲಿ, ಕಡಿತ ತಡೀಲಾರದೆ ಇವರು ರಕ್ತ ಬರೋ ಹಾಗೆ ಕೆರ್ಕೊಳ್ತಿದ್ರು."

"ದುಡ್ಡು ತಗೊಂಡ್ನಾ?"

"ತಗೊಳ್ದೆ? ಅವನೇನು ನಮ್ಮ ನೆಂಟನಾ?" ಎಂದು ಅಣ್ಣ ನಕ್ಕ. "ಕೈ ಹಗುರ ಇದೆ ಕಣೋ. ಹೇಳಿದ ಹೊತ್ತಿಗೆ ಬಂದ. ಪ್ರತಿ ಸೋಮವಾರ ಬಾ ಅಂದಿದ್ದೀನಿ. ನೀನು ಬಸ್ಸಲ್ಲಿ ಒದ್ದಾಡ್ಕೊಂಡು ಬರ್ಬೇಡ, ಅಂಗಡಿ ನೋಡ್ಕೋ."

ಅಣ್ಣನ ಕೆನ್ನೆಯನ್ನು ತಮ್ಮ ಸವರಿದ. ಕೈಗೆ ಒಂದು ಮುಳ್ಳೂ ತಾಗಲಿಲ್ಲ. "ಸರಿ ಅಣ್ಣ," ಎಂದ. ಅತ್ತಿಗೆ ಕೊಟ್ಟ ಚಹಾ ಕುಡಿದು, ಪೆಟ್ಟಿಗೆ ಬಿಚ್ಚದೆ ಎದ್ದು ಬಂದ.

ಇದಾವುದೂ ಗೊತ್ತಿಲ್ಲದ ನಾನು ಅದಾದ ಮುಂದಿನ ಸೋಮವಾರ ಎಂದಿನಂತೆ ಎದುರಂಗಡಿಗೆ ಹೋದೆ. ಶಟರ್ ಎಳೆದಿತ್ತು. ಬೈಕೂ ಇರಲಿಲ್ಲ. ಸಂಜೆ ಒಂದು ಮದುವೆಗೆ ಹೋಗಬೇಕಿದ್ದ ನನಗೆ ಕಾಯುವಷ್ಟು ವ್ಯವಧಾನವಿರಲಿಲ್ಲ. ಮುಖ ಗಂಟಿಕ್ಕಿಕೊಂಡೇ ಬೀದಿ ದಾಟಿ ತಮ್ಮನ ಅಂಗಡಿಗೆ ಬಂದೆ. ತಮ್ಮ ಕೂಡಲೇ ಎದ್ದು ಕುರ್ಚಿ ಒರೆಸಿದ.

"ಅಲ್ಲಪ್ಪ, ಹಗಲು ಹೊತ್ತಿನಲ್ಲಿ ಅಂಗಡಿ ಮುಚ್ಚಿ ಎಲ್ಲಿಗೆ ಹಾಳಾಗಿ ಹೋದ ಅವನು?" ಎಂದು ಕೇಳಿದೆ.

"ನಮ್ಮಣ್ಣನ ಗಡ್ಡ ತೆಗೆಯೋಕೆ," ಎಂದ ತಮ್ಮ, ಹೊದೆಸುವ ಬಟ್ಟೆ ಕೊಡವುತ್ತ. "ಬೇಗ ಕೂತ್ಕೊಳ್ಳಿ ಸರ್. ಅವನು ವಾಪಸ್ ಬರೋದ್ರೊಳಗೆ ಇನ್ನೊಂದು ಗಿರಾಕಿ ಸಿಕ್ಕರೂ ಸಿಗಬಹುದು."