ನಕ್ಷೆಯಲ್ಲಿಲ್ಲದ ಹಗೇವು

ಬೆಳಿಗ್ಗೆ ಹತ್ತು ನಲವತ್ತಕ್ಕೆ ಜೆಸಿಬಿಯ ಹಲ್ಲು ಕಲ್ಲಿಗೆ ತಾಗಿತು. ಅಂತೂರ ಬೆಂತೂರಿನ ಒಂದು ಓಣಿಯಲ್ಲಿ ಗಟಾರ ತೋಡುವ ಕೆಲಸ. ಗದಗಿನ ನಮ್ಮ ಸರ್ವೆ ಕಚೇರಿ ಮಾಡಿಕೊಟ್ಟ ನಕ್ಷೆ ಹಿಡಿದು, ಸುಣ್ಣದ ಗೆರೆ ಸರಿಯಿದೆಯೇ ಎಂದು ನೋಡಲು ನಾನು ಅಲ್ಲಿದ್ದೆ. ಕಲ್ಲಿನಿಂದ ಬಂದದ್ದು ಟೊಳ್ಳು ಸದ್ದು. ಎದುರುಮನೆಯ ಅಜ್ಜಿ ಕಟ್ಟೆಯ ಮೇಲಿಂದಲೇ ಕೂಗಿದಳು: “ಏ ತಮ್ಮಾ, ಅಲ್ಲಿ ಹಗೇವು ಐತೋ. ಮೊನ್ನಿ ಅಳತಿಗೆ ಬಂದವ್ರಿಗೆ ತೋರಿಸೀನಲ್ಲ!”

ಹಗೇವು ಎಂದರೆ ನೆಲದೊಳಗಿನ ಜೋಳದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಈಗ ಯಾರೂ ತುಂಬುವುದಿಲ್ಲ. ಬಾಯಿಗೆ ಕಲ್ಲು, ಕಲ್ಲಿನ ಮೇಲೆ ಮಣ್ಣು, ಮಣ್ಣಿನ ಮೇಲೆ ಓಣಿ. ವರ್ಷಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಉಸಿರಾಡುವಂಥ ಗಾಳಿ ಉಳಿದಿರುವುದಿಲ್ಲ.

ಕೆಲಸ ನಿಲ್ಲಿಸಿ ನಮ್ಮ ಕಚೇರಿಯ ಸಾಹೇಬರಿಗೆ ಫೋನ್ ಮಾಡಿದೆ. ಇನ್ನೂ ಆರಿಸದ ಜೆಸಿಬಿಯ ಗದ್ದಲದಲ್ಲಿ ಕೇಳಿಸಲೆಂದು ಸ್ಪೀಕರ್ ಹಾಕಿದ್ದೆ.

“ಸರ್, ಇಲ್ಲಿ ಹಗೇವು ಐತಂತ್ರಿ.”

“ನಕ್ಷಾದಾಗ ಐತೇನು?”

“ಇಲ್ರಿ.”

“ಹಂಗಾರ ಅಲ್ಲೂ ಇಲ್ಲ. ಮುದುಕೇರ ಮಾತು ಕೇಳಾಕ ನಿನಗ ಪಗಾರ ಕೊಡಾಕತ್ತಿಲ್ಲ.”

ಹಿರೇವಡ್ಡಟ್ಟಿಯಿಂದ ಕೂಲಿಗೆ ಬಂದ ಅಣ್ಣತಮ್ಮಂದಿರಿಬ್ಬರು ಹಾರೆ ಹಿಡಿದು ನಿಂತಿದ್ದರು. ತಮ್ಮ ನಕ್ಕ. “ಸಾಹೇಬ್ರು ಇಲ್ಲಂದ್ರಲ್ಲ, ಮುಗೀತು” ಎಂದು, ನಾನು ತಡಿ ಎನ್ನುವುದರೊಳಗೆ ಹಾರೆ ಎತ್ತಿ ಕಲ್ಲಿಗೆ ಹೊಡೆದ. ಕಲ್ಲು ಎರಡಾಯಿತು. ಅವನು ನಿಂತಲ್ಲಿ ಅವನಿರಲಿಲ್ಲ.

ಮೊದಲು ಮಾತಾಡಿದ. “ಕಾಲ ಮುರದೈತಿ, ಹಗ್ಗಾ ಒಗೀರಿ” ಎಂದ. ಹಗ್ಗ ಹುಡುಕಿ ತರುವಷ್ಟರಲ್ಲಿ ಮಾತು ತೊದಲತೊಡಗಿತು. ಆಮೇಲೆ ಮಾತೇ ಇಲ್ಲ, ಗೊರಗೊರ ಸದ್ದು ಮಾತ್ರ. ಅಣ್ಣ ಒಳಗೆ ಧುಮುಕಲು ಓಡಿದ. ಜೆಸಿಬಿಯವನೂ ನಾನೂ ಅವನನ್ನು ನೆಲಕ್ಕೆ ಕೆಡವಿ ಮೇಲೆ ಕುಳಿತೆವು. “ಬಿಡ್ರಲೇ, ನನ್ನ ತಮ್ಮ ಅದಾನ ಒಳಗ!” ಎಂದು ನನ್ನ ಮುಂಗೈ ಕಚ್ಚಿದ. ಬಿಟ್ಟರೆ ಇಬ್ಬರೂ ಹೋಗುತ್ತಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ತಮ್ಮನು ಸಾಯುವುದನ್ನು ಕೇಳಿಸಿಕೊಳ್ಳುವಂತೆ ಅವನನ್ನು ಅದುಮಿ ಹಿಡಿದಿದ್ದೇನೆ ಎಂದೇ ಆ ಹೊತ್ತಿಗೆ ಅನ್ನಿಸುತ್ತಿತ್ತು. ಗದಗಿನಿಂದ ಅಗ್ನಿಶಾಮಕದವರು ಬಂದು, ಮುಖವಾಡ ಹಾಕಿಕೊಂಡು ಇಳಿದು, ಅವನನ್ನು ಕಟ್ಟಿ ಮೇಲೆಳೆದರು. ಮುಖ ನೀಲಿಯಾಗಿತ್ತು. ಎದೆ ಆಡುತ್ತಿತ್ತು. ಬದುಕುವ ಮಾತು ಮಾತ್ರ ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ.

ಸಂಜೆ ಕಚೇರಿಗೆ ಬಂದಾಗ, ನನ್ನ ಪಕ್ಕದ ಕುರ್ಚಿಯ ಹುಡುಗಿ ಕಂಪ್ಯೂಟರಿನಲ್ಲಿ ಎರಡು ಫೈಲುಗಳನ್ನು ಅಕ್ಕಪಕ್ಕ ತೆರೆದಿಟ್ಟುಕೊಂಡು ಹೋಲಿಸುತ್ತಿದ್ದಳು. ಬೆಟಗೇರಿಯ ನೇಕಾರರ ಮನೆಯವಳು; ಡಿಪ್ಲೊಮಾ ಮುಗಿಸಿ ಆಗಷ್ಟೇ ಸೇರಿದ್ದಳು. ನಮ್ಮಲ್ಲಿ ಅಳತೆಯವರು ಹಗಲು ಗೋಡೆ, ಕಂಬ, ಬಾಗಿಲು ಅಳೆಯುತ್ತಾರೆ. ಹೊತ್ತಿಳಿದು ಹಿರಿಯರು ಕಟ್ಟೆಗೆ ಬಂದ ಮೇಲೆ, ಹಗೇವುಗಳು ಎಲ್ಲೆಲ್ಲಿವೆ ಎಂದು ಕೇಳಿ ಅವನ್ನು ಫೈಲಿನ ಕೊನೆಗೆ ಸೇರಿಸುತ್ತಾರೆ. ಆ ಫೈಲನ್ನು ಸಾಲುಸಾಲಾಗಿ ಓದಿ, ಬೇಡದ್ದನ್ನು ಬಿಟ್ಟು, ನಕ್ಷೆಗೆ ಬೇಕಾದ್ದನ್ನು ಇನ್ನೊಂದು ಫೈಲಿಗೆ ಬರೆಯುವ ಪ್ರೋಗ್ರಾಮನ್ನು ಸಾಹೇಬರು ಅವಳಿಂದ ಬರೆಸಿದ್ದರು. ನಕ್ಷೆ ಬಿಡಿಸುವ ಸಾಫ್ಟ್‌ವೇರ್‌ನೊಳಗೇ ಇರುವ ಲಿಸ್ಪ್ ಎಂಬ ಭಾಷೆ ಅದು. ಎಲ್ಲಿ ನೋಡಿದರೂ ಕಂಸಗಳು.

ಕಲಿಯುವಾಗ ಅವಳು ಕೇಳಿದ ಪ್ರಶ್ನೆಗಳು ಎಲ್ಲರೂ ಕೇಳುವಂಥವೇ. ಬರೆಯಲೆಂದು ಫೈಲ್ ತೆರೆದರೆ ಅದರಲ್ಲಿದ್ದ ಹಳೆಯದು ಅಳಿಸಿಹೋಗುತ್ತದೆಯೇ? ಓದುತ್ತ ಹೋದರೆ ಇದೇ ಕೊನೆಯ ಸಾಲೆಂದು ಅದಕ್ಕೆ ಹೇಗೆ ತಿಳಿಯುತ್ತದೆ? ಸಾಹೇಬರು ಒಂದೊಂದನ್ನೂ ಕಚೇರಿಯ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ ನಗುವ ಮುಖಗಳನ್ನು ಸಾಲಾಗಿ ಇಡುತ್ತಿದ್ದರು. “ಮಗ್ಗದ ಕುಣಿಯಿಂದ ಎದ್ದು ಬಂದಾಕಿಗೆ ಕಂಸ ಎಣಿಸಾಕ ಬಂದ್ರ ಸಾಕು” ಎಂದು ಅವಳೆದುರಿಗೇ ಹೇಳಿದ್ದರು. ಅವಳ ಕೊನೆಯ ಪ್ರಶ್ನೆ ನನಗೆ ಚೆನ್ನಾಗಿ ನೆನಪಿದೆ.

“ಸರ್, ಬರದಾದ ಮ್ಯಾಲ ಫೈಲ್ ಮುಚ್ಚಾಕ ಹೇಳಲಿಲ್ಲಂದ್ರ ಏನಾಗ್ತೈತ್ರಿ?”

“ಅದು ತಾನ ಮುಚ್ಕೋತೈತಿ. ನೀ ನಿನ್ನ ಬಾಯಿ ಮುಚ್ಚು.”

ಇಡೀ ಕಚೇರಿ ನಕ್ಕಿತು. ಅದಾದ ಮೇಲೆ ಅವಳು ಏನನ್ನೂ ಕೇಳಲಿಲ್ಲ.

ಈಗ ತೆರೆಯ ಮೇಲೆ, ಅಳತೆಯವರ ಫೈಲಿನ ತುದಿಗೆ ಆ ಓಣಿಯ ಹಗೇವುಗಳೆಲ್ಲ ಇದ್ದವು. ಅವಳ ಪ್ರೋಗ್ರಾಮ್ ಬರೆದ ಫೈಲು ಅವುಗಳಿಗಿಂತ ತುಸು ಮೊದಲೇ, ಒಂದು ಅಂಕಿಯ ನಡುವೆ ತುಂಡಾಗಿತ್ತು. ಮುಚ್ಚದೇ ಬಿಟ್ಟ ಫೈಲಿಗೆ ಕೊನೆಯ ಸಾಲುಗಳು ಇಳಿದೇ ಇರಲಿಲ್ಲ.

ಸಾಹೇಬರು ಬಂದು ಹಿಂದೆ ನಿಂತರು. “ಪ್ರೋಗ್ರಾಮ್ ಯಾರದು?”

“ನಂದ್ರಿ. ಖರೆ ನಾ ನಿಮ್ಮನ್ನ ಕೇಳಿದ್ನಿರಿ ಸರ್. ತಾನ ಮುಚ್ಕೋತೈತಿ ಅಂದ್ರಿ.”

“ನಾ ಚಾಷ್ಟಿ ಮಾಡಿದ್ದನ್ನ ಖರೆ ಅಂತ ತಿಳಕೊಂಡ್ಯಾ? ನಾಳಿಂದ ಬರಬ್ಯಾಡ.”

ಅವಳು ಅಳಲಿಲ್ಲ. ಹೊರಡುವ ಮುಂಚೆ ಪ್ರೋಗ್ರಾಮಿನ ಕೊನೆಗೆ ಫೈಲ್ ಮುಚ್ಚುವ ಸಾಲನ್ನು ಬರೆದು, ಉಳಿಸಿ, ಎದ್ದಳು. ಅವಳ ಜಾಗಕ್ಕೆ ಬಂದವನ ಬಗ್ಗೆ ಸಾಹೇಬರು ಎಲ್ಲರ ಮುಂದೆ ಹೇಳುತ್ತಿದ್ದರು: “ಇಂವ ಚಲೋ ಅದಾನ. ಏನೂ ಕೇಳಂಗಿಲ್ಲ.”

ನನಗೆ ನಿದ್ದೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಕಲ್ಲು ಎರಡಾಗುತ್ತಿತ್ತು. ಫೋನ್ ಮಾಡದೇ ಇದ್ದಿದ್ದರೆ, ಸ್ಪೀಕರ್ ಹಾಕದೇ ಇದ್ದಿದ್ದರೆ, ಹಾರೆಯನ್ನೇ ಹಿಡಿದುಬಿಟ್ಟಿದ್ದರೆ ಎಂದು ಅದನ್ನೇ ಮತ್ತೆ ಮತ್ತೆ ತಿರುವಿಹಾಕುತ್ತಿದ್ದೆ. ಎದ್ದು ಕೂತರೆ ಆ ಗೊರಗೊರ ಸದ್ದು.

ಹಗೇವಿಗೆ ಬಿದ್ದವನು ಬದುಕಿದ, ಮನೆಗೆ ಹೋಗಿದ್ದಾನೆ ಎಂದು ತಿಳಿದಾಗ ಆ ಹುಡುಗಿಯೇ ಫೋನ್ ಮಾಡಿ, “ಅಣ್ಣಾ, ಹೋಗಿ ಬರೂಣು. ಒಬ್ಬಾಕಿಗೆ ಧೈರ್ಯ ಸಾಲವಲ್ದು” ಎಂದಳು. ಒಂದು ಭಾನುವಾರ ಮುಂಡರಗಿ ಬಸ್ಸು ಹತ್ತಿ ಹಿರೇವಡ್ಡಟ್ಟಿಗೆ ಹೋದೆವು.

ತಮ್ಮ ಪಡಸಾಲೆಯಲ್ಲಿ ಕೂತಿದ್ದ. ಕಾಲಿಗೆ ಪಟ್ಟಿ. ಕಣ್ಣು ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಅಣ್ಣ ನನ್ನನ್ನು ನೋಡಿ ಮುಖ ತಿರುಗಿಸಿದ. ಆದರೂ ಚಾಪೆ ಹಾಸಿ, “ಕುಂಡ್ರಿ” ಎಂದ. ಹುಡುಗಿ ತಾನು ಯಾರೆಂದು ಹೇಳಿದಳು. ತಮ್ಮ ಕೇಳಿದ:

“ಅಕ್ಕಾರ, ಹಗೇವು ಐತಿ ಅಂತ ಬರದಿದ್ರಂತಲ್ಲ. ಬರದಿದ್ದು ಎಲ್ಲಿಗಿ ಹೋತ್ರಿ?”

“ಪ್ರೋಗ್ರಾಮು ಬರಿಯೂದನ್ನ ಮೊದಲು ಬೊಗಸ್ಯಾಗ ಹಿಡಕೋತೈತಣ್ಣಾ. ಬೊಗಸಿ ತುಂಬಿದ ಮ್ಯಾಲ ಫೈಲಿಗೆ ಸುರೀತೈತಿ. ಕಡೀಗಿ ಉಳದಿದ್ದನ್ನ ಸುರೀಬೇಕಂದ್ರ, ಮುಚ್ಚು ಅಂತ ನಾವು ಹೇಳಬೇಕು. ನಾ ಹೇಳಿದ್ದಿಲ್ಲ.”

“ಹಂಗಾರ ನಾ ಬಿದ್ದ ಹಗೇವು ಬೊಗಸ್ಯಾಗ ಉಳದಿತ್ತೇನ್ರಿ?”

“ಹೌದಣ್ಣಾ.”

ಅವನು ತಲೆಯಾಡಿಸಿದ. ಚಹಾ ಬಂತು. ಒಂದು ಗುಟುಕು ಕುಡಿದು ಮತ್ತೆ ಕೇಳಿದ: “ಅಕ್ಕಾರ, ಬರದಿದ್ದು ಎಲ್ಲಿಗಿ ಹೋತ್ರಿ?”

ಅಣ್ಣ ಗದರಿದ. “ಸಾಕ ಬಿಡಲೇ. ಈಗ ಹೇಳಿದ್ರಲ್ಲ ಅವ್ರು.” ನಮ್ಮ ಕಡೆ ತಿರುಗಿ ದನಿ ತಗ್ಗಿಸಿದ. “ಹಿಂಗ ಆಗೇತ್ರಿ. ಗಾಳಿ ಇಲ್ದ ತಲಿಗಿ ಪೆಟ್ಟಾತಂತ. ಹೇಳಿದ್ದು ನಿಂದ್ರೂದಿಲ್ಲ.”

“ಕೇಳ್ಲಿ ಬಿಡ್ರಿ” ಎಂದಳು. ಬೊಗಸೆಯಿಂದ ಶುರುಮಾಡಿ ಪೂರ್ತಿ ಹೇಳಿದಳು, ಮೊದಲ ಸಲ ಹೇಳುವವಳ ಹಾಗೆ. ಅವನು ಮತ್ತೂ ಕೇಳಿದ, ಮತ್ತೂ ಹೇಳಿದಳು. ಇನ್ನೊಮ್ಮೆ ಕೇಳಿದಾಗ ಅವಳು ನನ್ನ ಕಡೆ ನೋಡಿದಳು. ಆಗ ನಾನು ಹೇಳಿದೆ. ಬೊಗಸೆ, ಫೈಲು, ಮುಚ್ಚುವುದು. ಆಮೇಲೆ ಕಲ್ಲು, ಹಗ್ಗ, ಅವನ ಅಣ್ಣನ ಮೇಲೆ ನಾನು ಕುಳಿತದ್ದು. ಅವನು ಕೇಳದಿದ್ದನ್ನೂ ಹೇಳಿದೆ. ಅಣ್ಣ ಎದ್ದು ಹೋಗಲಿಲ್ಲ.

ಆ ಭಾನುವಾರ ಮನೆಗೆ ಬಂದು ಬೂಟೂ ಬಿಚ್ಚದೆ ಮಲಗಿದವನು, ನಡುವೆ ಒಮ್ಮೆಯೂ ಎಚ್ಚರವಾಗದೆ, ಸೋಮವಾರ ಬೆಳಿಗ್ಗೆ ಓಣಿಯ ನಳಕ್ಕೆ ನೀರು ಬಂದ ಗದ್ದಲಕ್ಕೇ ಎದ್ದೆ.